ಮಗ ಕಮ್ಯುನಿಟಿ ಕಾಲೇಜಿನಲ್ಲಿ ಪೊಲೀಸ್ ಓದು ಓದುತ್ತೇನೆ ಅಂತಿದ್ದಾನೆ. ಆ ಎರಡು ವರ್ಷಕ್ಕೆ ತಕ್ಕ ಫಲ ಇದೆಯಾ?

ತರೀಕೆರೆ ಮಗಳು, ಫೋಲ್ಸಮ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಪಕ್ಕದ ಫೋಲ್ಸಮ್‌ನಲ್ಲಿ. ಬಂದು 19 ವರ್ಷ ಆಯಿತು. ಯಜಮಾನರು ಚಿಪ್ ಕಂಪನಿಯಲ್ಲಿದ್ದಾರೆ. ಮಗ ಇಲ್ಲೇ ಹುಟ್ಟಿದವನು, ಬರುವ ಜೂನ್‌ಗೆ ಹೈಸ್ಕೂಲ್ ಮುಗಿಯುತ್ತದೆ. ನವೆಂಬರ್‌ನಲ್ಲಿ ನಮ್ಮ ಪರಿಚಯದವರ ಮಕ್ಕಳೆಲ್ಲ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅರ್ಜಿಗೆ ಪ್ರಬಂಧ ಬರೆಯುತ್ತಾ ಕೂತಿದ್ದರು. ಇವನು ಒಂದು ಸಂಜೆ ನಾನು ಚಪಾತಿ ಲಟ್ಟಿಸುವಾಗ ಪಕ್ಕಕ್ಕೆ ಬಂದು ನಿಂತು, "ಅಮ್ಮಾ, ನಾನು ಕಮ್ಯುನಿಟಿ ಕಾಲೇಜಿಗೆ ಹೋಗ್ತೀನಿ. ಅಡ್ಮಿನಿಸ್ಟ್ರೇಶನ್ ಆಫ್ ಜಸ್ಟಿಸ್ ತಗೋತೀನಿ. ಆಮೇಲೆ ಪೊಲೀಸ್" ಅಂದ. ಕಮ್ಯುನಿಟಿ ಕಾಲೇಜು ಅಂದರೆ ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜು. ಅಪರಾಧ, ಪೊಲೀಸ್, ಕೋರ್ಟಿನ ಓದಿಗೆ ಬೇರೆ ರಾಜ್ಯಗಳಲ್ಲಿ ಕ್ರಿಮಿನಲ್ ಜಸ್ಟಿಸ್ ಅನ್ನುತ್ತಾರಲ್ಲ, ಇಲ್ಲಿನ ಕಾಲೇಜುಗಳಲ್ಲಿ ಅದಕ್ಕೇ ಈ ಹೆಸರು.

ಇದು ಏಕಾಏಕಿ ಬಂದ ಆಸೆ ಅಲ್ಲ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಕ್ಲಾಸ್ ತಗೊಳ್ಳುವ ಅನುಕೂಲ ಇಲ್ಲಿದೆ, ಅದಕ್ಕೆ ಫೀಸೂ ಇಲ್ಲ. ಈ ಸಲ ಅವನು ಅದರ ಮೊದಲ ಕ್ಲಾಸ್ ತಗೊಂಡಿದ್ದಾನೆ. ಮೊನ್ನೆ ಊಟದ ಟೇಬಲ್ ಮೇಲೆ ಅವನ ನೋಟ್ಸ್ ಬಿಚ್ಚಿತ್ತು. ಚೈನ್ ಆಫ್ ಕಸ್ಟಡಿ ಅಂತ ಒಂದು ಫಾರಂ. ಸಿಕ್ಕ ವಸ್ತು ಯಾವುದು, ಯಾರು ಎತ್ತಿಕೊಂಡರು, ಎಷ್ಟು ಗಂಟೆಗೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಪ್ರತಿ ಸಾಲಿಗೂ ಸಹಿ. ಅಭ್ಯಾಸಕ್ಕೆ ಅಂತ ನಮ್ಮನೆ ಲೋಟವನ್ನೇ ಇಟ್ಟುಕೊಂಡು ಬರೆದಿದ್ದ: ಸ್ಟೀಲ್ ಲೋಟ, ಒಂದು, ಅಂಚು ನಗ್ಗಿದೆ, ಒಳಗೆ ಕಾಫಿ ಗಸಿ.

ಅದನ್ನು ಓದಿ ನನಗೆ ಮಾತೇ ಹೊರಡಲಿಲ್ಲ. ನಮ್ಮಪ್ಪ ತರೀಕೆರೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಅವರಿಗೆ ಊಟದ ಕ್ಯಾರಿಯರ್ ಕೊಡಲು ಠಾಣೆಗೆ ಹೋದಾಗ ಎಷ್ಟೋ ಸಲ ನೋಡಿದ್ದೇನೆ. ಮುದ್ದೆಮಾಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಹಾಕಿ ಹೊಲಿದು, ಅರಗು ಕರಗಿಸಿ ಸೀಲು ಒತ್ತುತ್ತಿದ್ದರು. ಪಂಚರ ಸಹಿ ಬೀಳುವವರೆಗೆ ಕ್ಯಾರಿಯರ್ ಮುಟ್ಟುತ್ತಿರಲಿಲ್ಲ. ಅದೇ ಕೆಲಸವನ್ನು ಮೊಮ್ಮಗ ಇಲ್ಲಿ ಕೂತು ಇಂಗ್ಲಿಷಿನಲ್ಲಿ ಮಾಡುತ್ತಿದ್ದಾನೆ. ತಾತನ ಕೆಲಸದ ಬಗ್ಗೆ ನಾನು ಅವನಿಗೆ ಇಷ್ಟೆಲ್ಲ ಹೇಳಿಯೇ ಇರಲಿಲ್ಲ.

ಹಾಗಂತ ಭಯ ಇಲ್ಲದಿಲ್ಲ. ಗಣಪತಿ ಬಿಡುವ ದಿನ ಅಪ್ಪ ಒಂದು ವರ್ಷವೂ ಮನೆಯಲ್ಲಿ ಇದ್ದದ್ದಿಲ್ಲ, ಬಂದೋಬಸ್ತ್ ಡ್ಯೂಟಿ. ಅಮ್ಮ ರಾತ್ರಿ ಬಾಗಿಲ ಹತ್ತಿರವೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಇಲ್ಲಿ ಅದರ ಮೇಲೆ ಬಂದೂಕು ಬೇರೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ಓದನ್ನು ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಕ್ಲಾಸಿಗೆ ಸುಮಾರು ಮೂರು. ಯೂನಿಟ್‌ಗೆ 46 ಡಾಲರ್, ಎರಡು ವರ್ಷದ 60 ಯೂನಿಟ್‌ಗೆ 2,760. ಪುಸ್ತಕ, ಪೆಟ್ರೋಲ್ ಬೇರೆ. ಮೊದಲ ಸಲ ಸೇರುವ, ಪೂರ್ತಿ ಹೊತ್ತು ಓದುವ ಮಕ್ಕಳಿಗೆ ಪ್ರಾಮಿಸ್ ಯೋಜನೆಯಲ್ಲಿ ಎರಡು ವರ್ಷ ಆ ಫೀಸೂ ಮಾಫಿ ಆಗಬಹುದು ಅಂತ ಕೌನ್ಸೆಲರ್ ಹೇಳಿದರು. ಯುಸಿಗೆ ಹೋದರೆ ವರ್ಷಕ್ಕೆ ಟ್ಯೂಷನ್, ಫೀಸು ಸೇರಿ 14 ಸಾವಿರ ಡಾಲರ್ ದಾಟುತ್ತದೆ, ಹಾಸ್ಟೆಲ್ ಊಟ ಬೇರೆ. ಹಾಗಾಗಿ ದುಡ್ಡಿನ ಹೆದರಿಕೆ ನನಗಿಲ್ಲ. ನನ್ನ ಚಿಂತೆ ಆ ಎರಡು ವರ್ಷದ್ದು. ನಮ್ಮ ಕಡೆ ಪಿಎಸ್‌ಐ ಆಗಲು ಯಾವ ಡಿಗ್ರಿಯಾದರೂ ನಡೆಯುತ್ತದೆ, ಕಾನ್‌ಸ್ಟೇಬಲ್‌ಗೆ ಪಿಯುಸಿ ಸಾಕು. ಪೊಲೀಸ್ ಆಗಲು ಪೊಲೀಸ್ ವಿಷಯವನ್ನೇ ಓದಬೇಕು ಅಂತ ಯಾರೂ ಕೇಳುವುದಿಲ್ಲ. ಇಲ್ಲೂ ಹಾಗೇನಾ? ಹಾಗಿದ್ದರೆ ಈ ಡಿಗ್ರಿಯಿಂದ ಏನು ಸಿಗುತ್ತದೆ? ಮೂರು ವರ್ಷ ಬಿಟ್ಟು ಮನಸ್ಸು ಬದಲಾದರೆ ಅವನ ಗತಿ ಏನು? ಯಜಮಾನರು "ಕಂಪ್ಯೂಟರ್ ಬೇಡ ಅಂದ್ರೆ ಬೇಡ, ಅಕೌಂಟಿಂಗ್ ಆದ್ರೂ ಓದ್ಲಿ" ಅನ್ನುತ್ತಿದ್ದಾರೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

---

ಹುಬ್ಬಳ್ಳಿಯವ, ಎಲ್ಕ್ ಗ್ರೋವ್

ಅಕ್ಕಾ, ನಮಸ್ಕಾರ ರೀ. ನಾನು ನಿಮ್ಮಿಂದ ಅರ್ಧ ಗಂಟೆ ದೂರದಲ್ಲಿದ್ದೇನೆ. ಇದೇ ವಿಷಯ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಆಮೇಲೆ ಬಿಎ ಮಾಡಿ, ಈಗ ಒಂದು ಕೌಂಟಿಯಲ್ಲಿ (ಇಲ್ಲಿನ ಜಿಲ್ಲೆ) ಪ್ರೊಬೇಶನ್ ಆಫೀಸರ್, ಅಂದರೆ ಜೈಲಿನ ಬದಲು ಕೋರ್ಟು ಹೊರಗೆ ಬಿಟ್ಟವರ ಮೇಲ್ವಿಚಾರಣೆ ಮಾಡುವವನು. ನಿಮ್ಮ ಲೋಟದ ಕಥೆ ಓದಿ ರಾತ್ರಿಯೇ ಬರೆಯಲು ಕೂತೆ.

ಮೊದಲು ನಿಮ್ಮ ನೇರ ಪ್ರಶ್ನೆಗೆ. ಹೌದು, ಇಲ್ಲೂ ಹಾಗೇನೆ. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಆಗಲು ರಾಜ್ಯ ಕೇಳುವ ಓದು ಹೈಸ್ಕೂಲ್ ಅಷ್ಟೇ. ಅದರ ಮೇಲೆ ಪೊಲೀಸ್ ತರಬೇತಿಯ ಅಕಾಡೆಮಿ ಪಾಸಾಗಬೇಕು. ಪೊಲೀಸರ ಅರ್ಹತೆ, ತರಬೇತಿ ನೋಡಿಕೊಳ್ಳುವ ರಾಜ್ಯದ ಪೋಸ್ಟ್ (POST) ಕಮಿಷನ್ ಗೊತ್ತು ಮಾಡಿರುವ ಮೂಲ ತರಬೇತಿ ಕನಿಷ್ಠ 664 ಗಂಟೆ, ಬಹಳ ಅಕಾಡೆಮಿಗಳು ಅದಕ್ಕಿಂತ ಜಾಸ್ತಿಯೇ ಕಲಿಸುತ್ತವೆ. ಈ ಎರಡು ವರ್ಷದ ಡಿಗ್ರಿ ತೋರಿಸಿದರೆ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಕಾಲೇಜಿನವರು ಹಾಗೆ ಅರ್ಥ ಬರುವಂತೆ ಮಾತಾಡಿದರೆ ನಂಬಬೇಡಿ.

ಆದರೆ ವಯಸ್ಸು ನೋಡಿ. 2021ರ ಎಬಿ 89 ಕಾನೂನು ಬಂದ ಮೇಲೆ ಇಲ್ಲಿ ಪೊಲೀಸ್ ಆಗಲು 21 ತುಂಬಿರಬೇಕು. ಮುಂಚೆ 18 ಇತ್ತು. ನಿಮ್ಮ ಮಗನಿಗೆ ಹೇಗೂ ಮೂರು ವರ್ಷ ಕಾಯುವುದಿದೆ. ಆ ಮೂರು ವರ್ಷ ಹೇಗೆ ಕಳೆಯಬೇಕು ಅನ್ನುವುದಕ್ಕೆ ಈ ಓದು ಒಳ್ಳೆಯ ಉತ್ತರ, ಸರಿಯಾದ ಥರದ್ದು ಆರಿಸಿದರೆ ಮಾತ್ರ.

ಸರಿಯಾದ ಥರದ್ದು ಅಂದೆ. ನಾನು ಎಡವಿದ್ದು ಅಲ್ಲೇ. ಒಂದೇ ಕಾಲೇಜಿನಲ್ಲಿ ಒಂದೇ ಹೆಸರಿಗೆ ಎರಡು ಡಿಗ್ರಿ ಇರುತ್ತವೆ. ಒಂದು ಆ ಕಾಲೇಜಿನದೇ ಡಿಗ್ರಿ. ಇನ್ನೊಂದು ಟ್ರಾನ್ಸ್‌ಫರ್ ಡಿಗ್ರಿ, ಹೆಸರಿನ ಕೊನೆಗೆ ಒಂದು 'ಟಿ' ಇರುತ್ತದೆ. ಟಿ ಇರುವುದನ್ನು ಮುಗಿಸಿದರೆ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಸೀಟು ಖಾತ್ರಿ. ನಾವು ಕೇಳಿದ ಕ್ಯಾಂಪಸ್ಸೇ ಸಿಗುತ್ತದೆ ಅಂತಲ್ಲ. ಹೊಂದುವ ಮೇಜರ್ (ಮುಖ್ಯ ವಿಷಯ) ಸಿಕ್ಕರೆ ಅಲ್ಲಿ ಇನ್ನು 60 ಯೂನಿಟ್ ಓದಿದರೆ ಬಿಎ ಕೈಗೆ ಬರುತ್ತದೆ. ನಾನು 2010ರಲ್ಲಿ ಸೇರಿದೆ. ಆಗ ಯೂನಿಟ್‌ಗೆ 26 ಡಾಲರ್. ಮರುವರ್ಷ 36 ಆಯಿತು, 2012ರ ಬೇಸಿಗೆಗೆ 46. ಅಲ್ಲಿಂದ ಈಚೆಗೆ ಏರಿಲ್ಲ. ರಾತ್ರಿ ಪೆಟ್ರೋಲ್ ಬಂಕ್‌ನಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದೆ, ಹಗಲು ಕ್ಲಾಸು. ಕೌನ್ಸೆಲರ್ ಹತ್ತಿರ ಒಂದೇ ಒಂದು ಸಲ ಹೋಗಿದ್ದೆ. ಕೊನೆಗೆ ನೋಡಿದರೆ ನನ್ನ ಮೂರು ಕ್ಲಾಸು ಬಿಎ ಲೆಕ್ಕಕ್ಕೆ ಬರಲಿಲ್ಲ. 9 ಯೂನಿಟ್. ಅದನ್ನು ತುಂಬಲು ಇನ್ನೊಂದು ಸೆಮಿಸ್ಟರ್ ಹೋಯಿತು. ಬಂಕ್‌ನಲ್ಲಿ ಇನ್ನೂ ಐದು ತಿಂಗಳು ರಾತ್ರಿ ಪಾಳಿ ಅಂತ ಅಪ್ಪನಿಗೆ ಹೇಳುವಾಗ ಅಳು ಬಂದಿತ್ತು.

ನಿಮ್ಮ ಊರಿಂದ ಹತ್ತಿರ ಸಿಎಸ್‌ಯುದೇ ಒಂದು ಕ್ಯಾಂಪಸ್, ಸ್ಯಾಕ್ರಮೆಂಟೊ ಸ್ಟೇಟ್ ಇದೆ. ಅಲ್ಲಿನ ಕ್ರಿಮಿನಲ್ ಜಸ್ಟಿಸ್ ವಿಭಾಗ ದೊಡ್ಡದು, ಹೆಸರೂ ಇದೆ. ಸಿಎಸ್‌ಯು ಟ್ಯೂಷನ್ 2025-26ಕ್ಕೆ 6,450 ಡಾಲರ್, ಕ್ಯಾಂಪಸ್ ಫೀಸು ಬೇರೆ. ಪ್ರತಿ ವರ್ಷ ಶೇ 6 ಏರಿಸುತ್ತಾ ಬಂದಿದ್ದಾರೆ. ಮನೆಯಿಂದಲೇ ಓಡಾಡಿದರೆ ನಾಲ್ಕು ವರ್ಷದ ಓದು ಯುಸಿಯ ಒಂದು ವರ್ಷದ ಒಟ್ಟು ಖರ್ಚಿಗಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ಫಲ ಎಲ್ಲಿ ಸಿಗುತ್ತದೆ ಅಂದರೆ, ಕೆಲಸಕ್ಕೆ ಸೇರಿದ ಮೇಲೆ. ಪೋಸ್ಟ್ ಕಮಿಷನ್ ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಸರ್ಟಿಫಿಕೇಟ್ ಕೊಡುತ್ತದೆ. ಎರಡು ವರ್ಷದ ಡಿಗ್ರಿ ಇದ್ದವರಿಗೆ ಇಂಟರ್‌ಮೀಡಿಯೆಟ್ 4 ವರ್ಷ ಸರ್ವಿಸ್‌ಗೆ, ಬಿಎ ಇದ್ದರೆ 2 ವರ್ಷಕ್ಕೆ. ಅಡ್ವಾನ್ಸ್ಡ್‌ಗೆ 9 ಮತ್ತು 6. ಬಹಳ ಇಲಾಖೆಗಳು ಈ ಸರ್ಟಿಫಿಕೇಟಿಗೂ ಡಿಗ್ರಿಗೂ ಸಂಬಳದ ಮೇಲೆ ಇಷ್ಟು ಅಂತ ಸೇರಿಸಿ ಕೊಡುತ್ತವೆ. ಎಷ್ಟು ಅನ್ನುವುದು ಯೂನಿಯನ್ ಒಪ್ಪಂದದಲ್ಲಿರುತ್ತದೆ, ಊರಿನ ವೆಬ್‌ಸೈಟ್‌ನಲ್ಲೇ ಸಿಗುತ್ತದೆ, ಕೂತು ಓದಿ. ದೇಶದ ಲೆಕ್ಕದಲ್ಲಿ ಪೊಲೀಸ್ ಮತ್ತು ಡಿಟೆಕ್ಟಿವ್‌ಗಳ ಮಧ್ಯಮ ಸಂಬಳ 2024ರಲ್ಲಿ ವರ್ಷಕ್ಕೆ 77,270 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಸಾಲ ಇಲ್ಲದೆ ಓದು ಮುಗಿಸಿ ಈ ಸಂಬಳಕ್ಕೆ ಸೇರುವ ಹುಡುಗನಿಗೂ, ಸಾಲ ಹೊತ್ತು ಸೇರುವವನಿಗೂ ಬಹಳ ವ್ಯತ್ಯಾಸ ಇದೆ ಅಕ್ಕಾ. ಪ್ರೊಬೇಶನ್‌ಗೆ ಬಿಎ ಇದ್ದರೆ ಒಳ್ಳೆಯದು, ನನ್ನ ಕೌಂಟಿ ಅದನ್ನೇ ಕೇಳಿತು.

ಇನ್ನೊಂದು ಮಾತು. ಅಕಾಡೆಮಿಗೆ ಕೈಯಿಂದ ದುಡ್ಡು ಹಾಕಿ ಸೇರಿಸಲು ಆತುರ ಪಡಬೇಡಿ. ಇಲಾಖೆ ಮೊದಲು ಕೆಲಸಕ್ಕೆ ತಗೊಂಡು, ಸಂಬಳ ಕೊಟ್ಟೇ ತರಬೇತಿಗೆ ಕಳಿಸುವುದು ಸಾಮಾನ್ಯ. ವೆಸ್ಟ್ ಸ್ಯಾಕ್ರಮೆಂಟೊದಲ್ಲಿರುವ ಹೈವೇ ಪ್ಯಾಟ್ರೋಲ್ (ಹೆದ್ದಾರಿ ಪೊಲೀಸ್) ಅಕಾಡೆಮಿ ಹಾಗೇ, ಅಲ್ಲೇ ಉಳಿದು ಸುಮಾರು ಆರು ತಿಂಗಳು.

ಅಲ್ಲಿಯವರೆಗೆ ಅವನು 911 ತುರ್ತು ಕರೆ ತಗೊಳ್ಳುವ ಡಿಸ್ಪ್ಯಾಚರ್ ಕೆಲಸಕ್ಕೆ ಪ್ರಯತ್ನಿಸಬಹುದು, ಅದಕ್ಕೆ 18 ಸಾಕು. ಇಲ್ಲಾ ಯಾವುದಾದರೂ ಠಾಣೆಯಲ್ಲಿ ಕೆಡೆಟ್. ಒಂದು ವರ್ಷ ಆ ಕುರ್ಚಿಯಲ್ಲಿ ಕೂತರೆ ಈ ಕೆಲಸ ತನಗೆ ಹೊಂದುತ್ತದಾ ಅಂತ ಅವನಿಗೇ ಗೊತ್ತಾಗುತ್ತದೆ.

---

ಗೃಹಿಣಿ, ನೇಪರ್‌ವಿಲ್

ಅಕ್ಕಾ, ಒಂದೇ ಒಂದು ಎಚ್ಚರಿಕೆ. ಕಮ್ಯುನಿಟಿ ಕಾಲೇಜು ಅಂದಿದ್ದೀರಿ, ಒಳ್ಳೆಯದು. ಅದನ್ನು ಬಿಟ್ಟು ಟಿವಿಯಲ್ಲಿ, ಫೋನಿನಲ್ಲಿ ಜಾಹೀರಾತು ಹಾಕುವ ಖಾಸಗಿ ಕಾಲೇಜಿನ ಕಡೆ ಮಗ ತಿರುಗಿದರೆ ದಯವಿಟ್ಟು ತಡೆಯಿರಿ.

ಇಲ್ಲಿ ಶಿಕಾಗೋ ಕಡೆ ವೆಸ್ಟ್‌ವುಡ್ ಅಂತ ಒಂದು ಕಾಲೇಜಿತ್ತು. 2012ರಲ್ಲಿ ಇಲಿನಾಯ್ ಅಟಾರ್ನಿ ಜನರಲ್ ಲೀಸಾ ಮ್ಯಾಡಿಗನ್ ಅದರ ಮೇಲೆ ಕೇಸು ಹಾಕಿದರು, ಇದೇ ಕ್ರಿಮಿನಲ್ ಜಸ್ಟಿಸ್ ಕೋರ್ಸಿನ ವಿಷಯಕ್ಕೆ. ಪೊಲೀಸ್ ಆಗಬಹುದು ಅಂತ ಮಕ್ಕಳನ್ನು ಸೇರಿಸಿಕೊಂಡರು, ಆದರೆ ಆ ಕಾಲೇಜಿನ ಮಾನ್ಯತೆಯನ್ನು ಶಿಕಾಗೋ ಪೊಲೀಸೂ ರಾಜ್ಯ ಪೊಲೀಸೂ ಒಪ್ಪುತ್ತಿರಲಿಲ್ಲ ಅನ್ನುವುದು ದೂರು. ಕಾಲೇಜು 2016ರಲ್ಲಿ ಮುಚ್ಚಿತು. 2022ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಅಲ್ಲಿ ಓದಿದ ಸುಮಾರು 79 ಸಾವಿರ ಜನರ 150 ಕೋಟಿ ಡಾಲರ್ ಸಾಲ ಮನ್ನಾ ಮಾಡಿತು. ಸಾಲ ಹೋಯಿತು ಸರಿ, ಅಷ್ಟು ವರ್ಷ ಬಡ್ಡಿ ಕಟ್ಟುತ್ತಾ ಕೂತ ಮಕ್ಕಳ ವಯಸ್ಸನ್ನು ಯಾರು ವಾಪಸ್ ಕೊಡುತ್ತಾರೆ? ಯಾವ ಕಾಲೇಜಾದರೂ ಸರಿ, ಸೇರುವ ಮುಂಚೆ ನಿಮ್ಮೂರ ಪೊಲೀಸ್ ನೇಮಕಾತಿಯವರಿಗೇ ಫೋನ್ ಮಾಡಿ "ಈ ಕಾಲೇಜಿನ ಯೂನಿಟ್ ಒಪ್ಪುತ್ತೀರಾ" ಅಂತ ಕೇಳಿ.

---

ಇಬ್ಬರು ಹೆಣ್ಣುಮಕ್ಕಳ ಅಪ್ಪ, ಫ್ರೀಮಾಂಟ್

ನಿಮ್ಮ ಮಗ ಇಲ್ಲೇ ಹುಟ್ಟಿದವನು ಅಂದಿರಿ, ನಿಮಗೆ ಈ ತೊಂದರೆ ಇಲ್ಲ. ಓದುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ದೊಡ್ಡವಳಿಗೂ ಇದೇ ಆಸೆ ಇತ್ತು. ನಾವು ಕೆಲಸದ ಎಚ್-1ಬಿ ವೀಸಾ ಮೇಲಿದ್ದೇವೆ, ಅವಳು ಅವಲಂಬಿತರ ಎಚ್-4 ವೀಸಾ ಮೇಲೆ. 2023ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಆಗಲು ಸಿಟಿಜನ್ ಆಗಿರಲೇಬೇಕು ಅನ್ನುವುದನ್ನು ತೆಗೆದಿದ್ದಾರೆ. ಆದರೆ ಇಲ್ಲಿ ಕೆಲಸ ಮಾಡುವ ಹಕ್ಕು ಇರಬೇಕು. ಎಚ್-4 ಮಕ್ಕಳಿಗೆ ಅದಿಲ್ಲ. 21 ತುಂಬಿದ ದಿನ ಎಚ್-4 ಕೂಡ ಮುಗಿಯುತ್ತದೆ. ಪೊಲೀಸರು ತಗೊಳ್ಳುವುದೂ 21ಕ್ಕೇ. ಒಂದು ಸಂಜೆ ಇವೆರಡನ್ನೂ ಒಂದೇ ಹಾಳೆಯಲ್ಲಿ ಬರೆದು ಅವಳ ಮುಂದೆ ಇಟ್ಟೆ. ಅವಳು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಾ ಕೂತಿದ್ದಳು. ಈಗ ಕೆಮಿಸ್ಟ್ರಿ ಓದುತ್ತಿದ್ದಾಳೆ, ಮುಂದೆ ಫೊರೆನ್ಸಿಕ್ ಲ್ಯಾಬ್ ಕಡೆ ಹೋಗುವ ಮನಸ್ಸಿದೆ. ಗ್ರೀನ್ ಕಾರ್ಡ್ ಸಾಲಿನಲ್ಲಿರುವವರು ಮಕ್ಕಳ ಹತ್ತಿರ ಈ ಮಾತನ್ನು ಬೇಗ ಆಡಿ.

---

ದಾವಣಗೆರೆ ಬೆಣ್ಣೆ, ಆಸ್ಟಿನ್

ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಯಜಮಾನರು ಹೇಳಿದ್ದೇ ಸರಿ ಅನಿಸುತ್ತದೆ. ಹೈಸ್ಕೂಲ್ ಸಾಕು ಅನ್ನುವ ಕೆಲಸಕ್ಕೆ ಅದೇ ವಿಷಯದ ಡಿಗ್ರಿ ಯಾಕೆ? ನ್ಯೂಯಾರ್ಕ್ ಪೊಲೀಸ್ 60 ಯೂನಿಟ್ ಕೇಳುತ್ತಿತ್ತು. ಜನ ಸಿಗದೆ 2025ರಲ್ಲಿ ಅದನ್ನು 24ಕ್ಕೆ ಇಳಿಸಿದರು. ಎಫ್‌ಬಿಐಗೆ 23 ವರ್ಷ ತುಂಬಿರಬೇಕು, ನಾಲ್ಕು ವರ್ಷದ ಡಿಗ್ರಿ ಬೇಕು, ಆದರೆ ವಿಷಯ ಯಾವುದಾದರೂ ನಡೆಯುತ್ತದೆ. ಅಕೌಂಟಿಂಗ್ ಓದಿದವರನ್ನು ಅವರು ಹುಡುಕುತ್ತಾರೆ. ಓಡುವಾಗ ಮಂಡಿ ಹೋಯಿತು, ಅಕಾಡೆಮಿ ಆಗಲಿಲ್ಲ ಅಂತಿಟ್ಟುಕೊಳ್ಳಿ. ಅಕೌಂಟಿಂಗ್ ಆದರೆ ನಾಳೆ ಬೆಳಿಗ್ಗೆ ಬೇರೆ ಕೆಲಸ ಇದೆ. ಇದಕ್ಕೆ ಏನಿದೆ?

---

ಹುಬ್ಬಳ್ಳಿಯವ, ಎಲ್ಕ್ ಗ್ರೋವ್

ಸರ್, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ನನ್ನ ಜೊತೆ ಓದಿದವರಲ್ಲಿ ಇಬ್ಬರು ಈಗ ವಿಮಾ ಕಂಪನಿಯಲ್ಲಿದ್ದಾರೆ, ಒಬ್ಬ ಅಂಗಡಿಯ ಸೆಕ್ಯೂರಿಟಿ ನೋಡಿಕೊಳ್ಳುತ್ತಾನೆ. ಅದಕ್ಕೇ ಇದನ್ನು ಸರಿಯಾಗಿ ಲೆಕ್ಕ ಹಾಕೋಣ.

ಟ್ರಾನ್ಸ್‌ಫರ್ ಡಿಗ್ರಿಯ 60 ಯೂನಿಟ್‌ನಲ್ಲಿ 34 ಯೂನಿಟ್ ಎಲ್ಲ ವಿಷಯದವರಿಗೂ ಒಂದೇ. ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ ಇಂಥವು. ನಾಳೆ ಅವನು ಅಕೌಂಟಿಂಗ್‌ಗೆ ಹಾರಿದರೂ ಅವು ಜೊತೆಗೇ ಬರುತ್ತವೆ. ಪೊಲೀಸ್ ವಿಷಯದ್ದೇ ಅಂತ ಬೇಕಾಗುವುದು ಸುಮಾರು 18 ಯೂನಿಟ್, ಅಂದರೆ ಆರು ಕ್ಲಾಸು. 18ನ್ನು 46ರಿಂದ ಗುಣಿಸಿ, 828 ಡಾಲರ್. ಮನಸ್ಸು ಬದಲಾದರೆ ಅಕ್ಕನ ಮಗ ಕಳೆದುಕೊಳ್ಳುವುದು ಹೆಚ್ಚೆಂದರೆ ಅಷ್ಟು ಮತ್ತು ಆರು ಕ್ಲಾಸಿನ ಹೊತ್ತು. ಒಂದು ಕ್ಲಾಸ್ ಈಗಾಗಲೇ ಫೀಸಿಲ್ಲದೆ ಮುಗಿಯುತ್ತಿದೆ, ಹಾಗಾಗಿ ಐದು. ಆ ವಿಷಯದ ಕ್ಲಾಸುಗಳನ್ನು ಮೊದಲ ವರ್ಷವೇ ಎಲ್ಲ ತುಂಬಿಕೊಳ್ಳದೆ ಸೆಮಿಸ್ಟರ್‌ಗೆ ಒಂದೋ ಎರಡೋ ತಗೊಂಡರೆ ಮುಗಿಯಿತು. ಉಳಿದ ಜಾಗದಲ್ಲಿ ಒಂದು ಅಕೌಂಟಿಂಗ್ ಕ್ಲಾಸು, ಒಂದು ಸ್ಪ್ಯಾನಿಷ್.

ಇನ್ನೊಂದು, ಇಂಗ್ಲಿಷ್ ಬರವಣಿಗೆ ಕ್ಲಾಸನ್ನು ಸುಮ್ನೆ ಪಾಸಾದರೆ ಸಾಕು ಅಂತ ಬಿಡಬೇಡಿ. ಪೊಲೀಸ್ ಪ್ರವೇಶ ಪರೀಕ್ಷೆಯಲ್ಲಿ ಓದುವುದು, ಬರೆಯುವುದೇ ಮುಖ್ಯ. ನನ್ನ ಕೆಲಸದಲ್ಲಿ ದಿನದ ಅರ್ಧ ಹೊತ್ತು ವರದಿ ಬರೆಯುವುದೇ ಆಗುತ್ತದೆ. ಒಬ್ಬ ಹತ್ತೊಂಬತ್ತರ ಹುಡುಗನನ್ನು ಜೈಲಿಗೆ ಕಳಿಸಬೇಕಾ, ಮನೆಯಲ್ಲಿಟ್ಟು ನೋಡಬೇಕಾ ಅಂತ ಜಡ್ಜ್ ತೀರ್ಮಾನಿಸುವ ಮುಂಚೆ ನಾನು ಬರೆದ ಹಾಳೆ ಓದುತ್ತಾರೆ. ಅಲ್ಲಿ ಒಂದು ಸಾಲು ಕಲಸಿಹೋದರೂ ಆ ಹುಡುಗನ ತಾಯಿ ಅದನ್ನು ಅನುಭವಿಸುತ್ತಾಳೆ.

ಹಿನ್ನೆಲೆ ವಿಚಾರಣೆಗೂ ಇಂದಿನಿಂದಲೇ ತಯಾರಾಗಲಿ. ಎಲ್ಲೆಲ್ಲಿ ಇದ್ದೆ, ಎಲ್ಲೆಲ್ಲಿ ಕೆಲಸ ಮಾಡಿದೆ, ಸಾಲ ಎಷ್ಟು, ಟ್ರಾಫಿಕ್ ದಂಡ ಎಷ್ಟು, ಎಲ್ಲ ಬರೆಯಿಸುತ್ತಾರೆ. ನನ್ನ ಕಾಲದಲ್ಲಿ ಆ ಪೆಟ್ರೋಲ್ ಬಂಕ್ ಮಾಲೀಕರಿಗೇ ಫೋನ್ ಹೋಗಿತ್ತು. ಆರು ವರ್ಷ ಆಗಿತ್ತು ನಾನು ಕೆಲಸ ಬಿಟ್ಟು. "ಗಲ್ಲಾ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ" ಅಂತ ಅವರು ಹೇಳಿದರಂತೆ. ಅಡ್ರೆಸ್, ಫೋನ್ ನಂಬರ್, ತಾರೀಖು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿ.

---

ತರೀಕೆರೆ ಮಗಳು, ಫೋಲ್ಸಮ್

ಎಲ್ಲರಿಗೂ ಕೈಮುಗಿಯುತ್ತೇನೆ. 828 ಡಾಲರ್ ಲೆಕ್ಕವನ್ನು ಯಜಮಾನರಿಗೆ ತೋರಿಸಿದೆ. ಎರಡು ಸಲ ಗುಣಿಸಿ ನೋಡಿದರು. "ಐದು ಕ್ಲಾಸಿಗೆ ಇಷ್ಟು ದಿನ ಜಗಳ ಆಡಿದ್ವಾ" ಅಂದರು. ಒಂದು ಅಕೌಂಟಿಂಗ್ ಕ್ಲಾಸ್ ತಗೊಳ್ಳುವುದಕ್ಕೆ ಮಗ ಒಪ್ಪಿದ್ದಾನೆ. ಫ್ರೀಮಾಂಟ್ ಅಣ್ಣ, ನಿಮ್ಮ ಮಗಳ ವಿಷಯ ಓದಿ ಹೊಟ್ಟೆ ಚುರ್ ಅಂದಿತು. ಅವಳಿಗೆ ಒಳ್ಳೆಯದಾಗಲಿ.

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಇಷ್ಟು ದಿನ ಹೇಳಿರಲಿಲ್ಲ. ಬೇಡ ಅನ್ನುತ್ತಾರೆ ಅಂತಲೇ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಬರವಣಿಗೆ ಹೇಗಿದೆ?" ಅಂತ ಕೇಳಿದರು, ಹುಬ್ಬಳ್ಳಿ ತಮ್ಮ ಬರೆದ ಹಾಗೇ. ಲೋಟದ ಫಾರಂ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಲೋಟ ಎಲ್ಲಿ ಸಿಕ್ತು ಅಂತ ಬರೆದಿಲ್ಲ. ಟೇಬಲ್ ಮೇಲಾ, ನೆಲದ ಮೇಲಾ? ಅದನ್ನ ಬರೀಬೇಕು ಅಂತ ಹೇಳು" ಅಂದರು. ಮಗ ಪಕ್ಕದಲ್ಲೇ ಇದ್ದ. ಪೆನ್ನು ತಗೊಂಡು ಆಗಲೇ ಸೇರಿಸಿದ. ಆಮೇಲೆ ಇಬ್ಬರೂ ನನ್ನ ಫೋನ್ ಹಿಡಿದುಕೊಂಡು ಮುಕ್ಕಾಲು ಗಂಟೆ ಮಾತಾಡಿದರು, ಇವನ ಅರೆಬರೆ ಕನ್ನಡದಲ್ಲೇ.

ಗುರುವಾರ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇವೆ. ಟಿ ಇರುವ ಡಿಗ್ರಿ ಅಂತ ಕೈ ಮೇಲೆ ಬರೆದುಕೊಂಡೇ ಹೋಗುತ್ತೇನೆ. ಹುಬ್ಬಳ್ಳಿ ತಮ್ಮಾ, ಬಿಡುವಿದ್ದರೆ ಒಂದು ಭಾನುವಾರ ಊಟಕ್ಕೆ ಮನೆಗೆ ಬನ್ನಿ. ಮಗ ನಿಮ್ಮನ್ನು ಕೇಳಬೇಕು ಅಂತ ಪ್ರಶ್ನೆಗಳ ಪಟ್ಟಿಯನ್ನೇ ಮಾಡಿದ್ದಾನೆ, ನಿನ್ನೆಗೆ ಹದಿನಾಲ್ಕು ಆಗಿತ್ತು.